ಗಾಳಿಯ ಲೆಕ್ಕಕ್ಕೆ ಖಝಾ ಇಲ್ಲ

ಫಜ್ರ್‌ನ ಅಝಾನ್‌ಗೆ ಏಳುವ ಸಹೋದರಿಯರಿಗೆ ಈ ತಿಂಗಳು ಒಂದು ಸಣ್ಣ ಪ್ರಶ್ನೆ. ಸುಬ್‌ಹ್ ಸಾದಿಖ್‌ನ ಹೊತ್ತಿಗೆ ಸೂರ್ಯ ಹುಟ್ಟಲು ಇನ್ನೂ ಒಂದು ತಾಸಿಗಿಂತ ಹೆಚ್ಚು ಸಮಯ ಇರುತ್ತದೆ. ಆದರೂ ಪೂರ್ವದ ಅಂಚಿನಲ್ಲಿ ಅಡ್ಡಲಾಗಿ ಬೆಳಕಿನ ಗೆರೆ ಮೂಡುತ್ತದೆ. ಸೂರ್ಯನೇ ಕಾಣದಿರುವಾಗ ಆ ಬೆಳಕು ಎಲ್ಲಿಂದ ಬಂತು?

ಅದು ಗಾಳಿಯ ಬೆಳಕು. ಸೂರ್ಯ ನಮ್ಮ ದಿಗಂತದ ಕೆಳಗಿದ್ದರೂ ಅವನ ಕಿರಣಗಳು ನಮ್ಮ ತಲೆಯ ಮೇಲೆ ಬಹಳ ಎತ್ತರದಲ್ಲಿರುವ ಗಾಳಿಗೆ ತಾಗುತ್ತವೆ. ಆ ಗಾಳಿ ಬೆಳಕನ್ನು ಚದುರಿಸಿ ಸ್ವಲ್ಪವನ್ನು ಕೆಳಗೆ ಕಳಿಸುತ್ತದೆ. ಚಂದ್ರನ ಮೇಲೆ ಗಾಳಿಯಿಲ್ಲ, ಹಾಗಾಗಿ ಅಲ್ಲಿ ಸುಬ್‌ಹ್ ಎಂಬುದೇ ಇಲ್ಲ. ಕತ್ತಲೆ ಇರುತ್ತದೆ, ನಂತರ ಒಮ್ಮೆಲೇ ಸೂರ್ಯ ಬರುತ್ತಾನೆ. 11ನೇ ಶತಮಾನದಲ್ಲಿ ಅಂದಲೂಸಿನ ಜಯ್ಯಾನ್ ಎಂಬ ಊರಿನ ಖಾಝಿಯಾಗಿದ್ದ ಇಬ್ನ್ ಮುಆದ್ ಎಂಬ ಗಣಿತಜ್ಞರು ಇದನ್ನೇ ಹಿಡಿದು ಒಂದು ಲೆಕ್ಕ ಮಾಡಿದರು. ಮೊದಲ ಬೆಳಕು ಕಾಣುವಾಗ ಸೂರ್ಯ ದಿಗಂತಕ್ಕಿಂತ ಎಷ್ಟು ಕೆಳಗಿರುತ್ತಾನೆ ಎಂಬುದು ಗೊತ್ತಿದ್ದರೆ, ಬೆಳಕು ಚದುರಿಸುವ ಗಾಳಿ ಎಷ್ಟು ಎತ್ತರದವರೆಗೆ ಇದೆ ಎಂಬುದನ್ನು ರೇಖಾಗಣಿತದಿಂದ ತಿಳಿಯಬಹುದಲ್ಲವೇ? ಅವರಿಗೆ ಸಿಕ್ಕ ಉತ್ತರ ಸುಮಾರು 50 ಮೈಲಿ. ಈ ಬರಹ ಯುರೋಪಿನಲ್ಲಿ ಶತಮಾನಗಳ ಕಾಲ ಇಬ್ನುಲ್ ಹೈಥಮರ ಹೆಸರಿನಲ್ಲಿ ಓಡಾಡಿತು. ಅದು ಇಬ್ನ್ ಮುಆದ್‌ರದ್ದು ಎಂದು ವಿದ್ವಾಂಸರು ತೋರಿಸಿಕೊಟ್ಟದ್ದು 1967ರಲ್ಲಿ. ಎಲ್ಲವನ್ನೂ ನಮ್ಮವರೇ ಮೊದಲು ಕಂಡುಹಿಡಿದರು ಎಂದು ಎದೆ ತಟ್ಟಿಕೊಳ್ಳುವ ಭಾಷಣಗಳು ನನಗೆ ಹಿಡಿಸುವುದಿಲ್ಲ. ಆದರೆ ನಮಾಝಿನ ಸಮಯ ನೋಡಲು ಆಕಾಶ ನೋಡುತ್ತಿದ್ದ ಒಬ್ಬ ಖಾಝಿ ಅದೇ ಬೆಳಕಿನಿಂದ ಗಾಳಿಯ ಎತ್ತರವನ್ನು ಅಳೆಯಲು ಹೊರಟದ್ದು ನೆನಪಿಡತಕ್ಕ ಸಂಗತಿ.

ಅವರು ಅಳೆದದ್ದು ಗಾಳಿ ಎಷ್ಟು ಎತ್ತರ ಇದೆ ಎಂಬುದನ್ನು. ಇಂದಿನ ಪ್ರಶ್ನೆ ಬೇರೆ. ಆ ಗಾಳಿಯೊಳಗೆ ನಾವು ಏನೇನು ಸೇರಿಸುತ್ತಿದ್ದೇವೆ, ಎಷ್ಟು ಸೇರಿಸುತ್ತಿದ್ದೇವೆ, ಅದರ ಲೆಕ್ಕ ಇಡುವವರು ಯಾರು? ಲೆಕ್ಕ ಇಡುವವರಿದ್ದಾರೆ. ಅವರಲ್ಲಿ ಅನೇಕರು ಇರುವುದು ಜನವಸತಿಯಿಂದ ದೂರದ ಪರ್ವತಗಳ ನೆತ್ತಿಯಲ್ಲಿ.

ಇದನ್ನು ತರಗತಿಯಲ್ಲಿ ಹೇಳಿದಾಗ ಗಿಣಿಗೇರಾ ಕಡೆಯಿಂದ ಬರುವ ಹುಡುಗಿಯೊಬ್ಬಳು ಕೇಳಿದಳು: “ಹೊಗಿ ಇರೋದು ನಮ್ಮೂರಾಗ ಅಲ್ಲೇನ್ರಿ ಟೀಚರ್? ಅಳಿಯಾಕ ಅಷ್ಟ್ ದೂರ ಗುಡ್ಡಕ್ಕ ಯಾಕ ಹೋಗ್ತಾರ್ರಿ?”

ಕೊಪ್ಪಳ ಜಿಲ್ಲೆಯ ಯಾವ ಮಗುವೂ ಕೇಳಬೇಕಾದ ಪ್ರಶ್ನೆ ಇದು. ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದನ್ನು ಕೊಪ್ಪಳದ ಕೋಟೆಯ ಮೇಲೆ ನಿಂತೇ ನೋಡಬಹುದು. ಚಳಿಗಾಲದ ಬೆಳಿಗ್ಗೆ ಮೇಲಿನಿಂದ ನೋಡಿದರೆ ಒಲೆಯ ಹೊಗೆ, ಕಸ ಸುಟ್ಟ ಹೊಗೆ, ಚಿಮಣಿಯ ಹೊಗೆ ಎಲ್ಲವೂ ಊರಿನ ಮೇಲೆ ಚಾದರ ಹೊದಿಸಿದ ಹಾಗೆ ಚಪ್ಪಟೆಯಾಗಿ ಮಲಗಿರುತ್ತವೆ. ಬಿಸಿಲು ಏರಿದಂತೆ ನೆಲ ಕಾಯ್ದು ಗಾಳಿ ಮೇಲೇಳುತ್ತದೆ, ಚಾದರ ಹರಿಯುತ್ತದೆ. ನೆಲಕ್ಕೆ ಅಂಟಿಕೊಂಡ ಈ ಪದರ ಹಗಲಿನಲ್ಲಿ ಒಂದೆರಡು ಕಿಲೋಮೀಟರ್ ದಪ್ಪವಾಗುತ್ತದೆ, ರಾತ್ರಿ ಮತ್ತೆ ತೆಳ್ಳಗಾಗಿ ಕುಗ್ಗುತ್ತದೆ. ಇದರೊಳಗೆ ನಿಂತು ಅಳೆದರೆ ಸಿಗುವುದು ಹತ್ತಿರದ ಸುದ್ದಿ ಮಾತ್ರ. ಬೆಳಿಗ್ಗೆ ಒಂದು ಅಂಕಿ, ಮಧ್ಯಾಹ್ನ ಇನ್ನೊಂದು. ಪಕ್ಕದ ಮನೆಯವರು ಬಿರಿಯಾನಿಗೆ ಕಟ್ಟಿಗೆ ಒಲೆ ಹಚ್ಚಿದರೆ ಮತ್ತೊಂದು. ಇಡೀ ಭೂಮಿಯ ಗಾಳಿ ಹೇಗಿದೆ ಎಂದು ತಿಳಿಯಬೇಕಾದರೆ ಈ ಪದರದ ಮೇಲೆ ತಲೆ ಎತ್ತಬೇಕು. ಸಾವಿರಾರು ಕಿಲೋಮೀಟರಿನಿಂದ ಬಂದು ಚೆನ್ನಾಗಿ ಬೆರೆತ ಗಾಳಿ ಅಲ್ಲಿ ಸಿಗುತ್ತದೆ. ಕೊಪ್ಪಳ ಇರುವುದು ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿ. ನಮ್ಮ ಕೋಟೆ ಇದಕ್ಕೆ ಸಾಲದು.

ಇಂತಹ ಲೆಕ್ಕದ ಮನೆಗಳಲ್ಲಿ ಹೆಚ್ಚು ಹೆಸರಾದದ್ದು ಪೆಸಿಫಿಕ್ ಸಾಗರದ ನಡುವೆ, ಹವಾಯಿ ದ್ವೀಪದ ಮೌನಾ ಲೋವಾ ಜ್ವಾಲಾಮುಖಿಯ ಮೇಲೆ, ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ಯುವ ವಿಜ್ಞಾನಿ 1958ರ ಮಾರ್ಚ್‌ನಲ್ಲಿ ಅಲ್ಲಿ ಇಂಗಾಲದ ಡೈಆಕ್ಸೈಡನ್ನು ಅಳೆಯಲು ಆರಂಭಿಸಿದರು. ನಾವು ಉಸಿರಾಡಿ ಹೊರಬಿಡುವ, ಕಲ್ಲಿದ್ದಲು ಪೆಟ್ರೋಲು ಸುಟ್ಟಾಗ ಹೊರಬರುವ, ಬಣ್ಣವೂ ವಾಸನೆಯೂ ಇಲ್ಲದ ಅನಿಲ ಅದು. ಭೂಮಿಗೆ ಹೊದಿಕೆಯಂತಿದ್ದು ಶಾಖವನ್ನು ಹಿಡಿದಿಡುತ್ತದೆ. ಹೊದಿಕೆಯೇ ಇಲ್ಲದಿದ್ದರೆ ಭೂಮಿ ಹೆಪ್ಪುಗಟ್ಟುತ್ತಿತ್ತು. ಹೊದಿಕೆ ದಪ್ಪವಾದಂತೆ ಸೆಕೆ ಏರುತ್ತದೆ. ಅಲ್ಲಾಹನು ಇಟ್ಟ ತಕ್ಕಡಿಯಲ್ಲಿ ಏರುಪೇರು ಮಾಡಬೇಡಿ ಎಂಬ ಸೂರಾ ಅರ್‍ರಹ್ಮಾನ್‌ನ ಮಾತಿನ ತಾತ್ಪರ್ಯವನ್ನು ಮಕ್ಕಳಿಗೆ ಹೇಳುವಾಗ ನನಗೆ ನೆನಪಾಗುವುದು ಈ ಹೊದಿಕೆಯೇ.

ಅಂಕಿಗಳು ತಲೆಗೆ ಹತ್ತಬೇಕಾದರೆ ಅಡುಗೆಮನೆಗೆ ಬರೋಣ. ಗಂಗಾವತಿಯ ಸೋನಾ ಮಸೂರಿಯ ಹತ್ತು ಲಕ್ಷ ಕಾಳುಗಳನ್ನು ರಾಶಿ ಹಾಕಿ. ಅದು ಗಾಳಿ. ಅದರಲ್ಲಿ ಬಣ್ಣ ಹಚ್ಚಿದ ಕೆಲವು ಕಾಳುಗಳು ಇಂಗಾಲದ ಡೈಆಕ್ಸೈಡ್. ಕಾರ್ಖಾನೆಗಳ ಯುಗ ಆರಂಭವಾಗುವ ಮೊದಲು ಬಣ್ಣದ ಕಾಳು ಸುಮಾರು 280 ಇದ್ದವು. ಕೀಲಿಂಗ್ ಅಳೆಯಲು ಆರಂಭಿಸಿದ ಮೇಲೆ ಮೊದಲ ಪೂರ್ಣ ವರ್ಷವಾದ 1959ರಲ್ಲಿ ಸರಾಸರಿ 316. 2024ರಲ್ಲಿ ಸುಮಾರು 425. 2025ರ ಮೇ ತಿಂಗಳ ಸರಾಸರಿ ಮೊದಲ ಬಾರಿಗೆ 430 ದಾಟಿತು. ಹತ್ತು ಲಕ್ಷದಲ್ಲಿ ನಾಲ್ಕುನೂರು ಕಾಳು ಎಷ್ಟರ ಮಟ್ಟಿಗಿನದು ಎಂದು ಅನಿಸಬಹುದು. ಹತ್ತು ಸೇರು ಹಾಲಿಗೆ ಎರಡು ಹನಿ ಹೆಪ್ಪು ಸಾಕಾಗುವುದಿಲ್ಲವೇ? ಅಳೆಯುವವರ ನಿಖರತೆಯನ್ನೂ ನೋಡಿ. ಲೋಕದ ಯಾವ ಕೇಂದ್ರದಲ್ಲಿ ಅಳೆದರೂ ಒಂದು ಕಾಳಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಬರಬಾರದು ಎಂಬುದು ಅವರು ಹಾಕಿಕೊಂಡಿರುವ ಗುರಿ.

ಕೀಲಿಂಗರ ದಾಖಲೆಯಲ್ಲಿ ಇನ್ನೊಂದು ಸಂಗತಿ ಕಂಡಿತು. ಅಂಕಿ ಪ್ರತಿವರ್ಷ ಮೇ ತಿಂಗಳ ಹೊತ್ತಿಗೆ ಏರಿ, ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಇಳಿಯುತ್ತದೆ. ಉತ್ತರಾರ್ಧಗೋಳದ ಕಾಡುಗಳು ಬೇಸಿಗೆಯಲ್ಲಿ ಚಿಗುರಿ ಈ ಅನಿಲವನ್ನು ಒಳಗೆಳೆದುಕೊಳ್ಳುತ್ತವೆ. ಎಲೆ ಉದುರಿ ಕೊಳೆಯುವಾಗ ಹೊರಬಿಡುತ್ತವೆ. ಇಡೀ ಭೂಮಿ ವರ್ಷಕ್ಕೊಮ್ಮೆ ಉಸಿರೆಳೆದು ಬಿಟ್ಟ ಹಾಗೆ. ಊರಿನ ಗದ್ದಲದಲ್ಲಿ ಈ ಉಸಿರು ಇಷ್ಟು ಸ್ವಚ್ಛವಾಗಿ ಕೇಳಿಸುತ್ತಿರಲಿಲ್ಲ.

ಕೀಲಿಂಗ್ 2005ರಲ್ಲಿ ತೀರಿಕೊಂಡರು. ಅವರ ಮಗ ರಾಲ್ಫ್ ಕೀಲಿಂಗ್ ಆ ಕೆಲಸವನ್ನು ಮುಂದುವರಿಸಿದರು. ತಂದೆಯ ಜೀವಮಾನವೆಲ್ಲ ವಿಜ್ಞಾನಕ್ಕೆ ಹೋಯಿತು ಎನ್ನುವುದಕ್ಕಿಂತ ಹಣ ಹೊಂದಿಸುವುದಕ್ಕೆ ಹೋಯಿತು ಎನ್ನಬಹುದೇನೋ. “ಹೋದ ವರ್ಷ ಅಳೆದಾಯಿತಲ್ಲ, ಮತ್ತೆ ಯಾಕೆ?” ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ. 1964ರಲ್ಲಿ ಹಣ ಕಡಿತವಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಳತೆ ನಿಂತಿತು. ಆ ನಕ್ಷೆಯಲ್ಲಿ ಇಂದಿಗೂ ಅಲ್ಲೊಂದು ಖಾಲಿ ಜಾಗ ಇದೆ. 2022ರ ನವೆಂಬರ್ 27ರಂದು ಜ್ವಾಲಾಮುಖಿಯೇ ಸಿಡಿದು ಲಾವಾ ಹರಿದು ರಸ್ತೆಯೂ ವಿದ್ಯುತ್ತೂ ಕಡಿದುಹೋದವು. ಆದರೆ ಈ ಸಲ ಅವರು ಸುಮ್ಮನೆ ಕೂರಲಿಲ್ಲ. ಡಿಸೆಂಬರ್‌ನ ಮೊದಲ ಭಾಗದಲ್ಲೇ ಎದುರಿನ ಮೌನಾ ಕೀ ಪರ್ವತದ ಮೇಲೆ ಉಪಕರಣ ಇಟ್ಟು ಅಳತೆ ಮುಂದುವರಿಸಿದರು. 2025ರಲ್ಲಿ ಬಂದ ಅಪಾಯ ಜ್ವಾಲಾಮುಖಿಯದ್ದಲ್ಲ, ಕಾಗದದ್ದು. ಅಮೆರಿಕದ ಆಡಳಿತವು ಮುಂದಿನ ವರ್ಷಕ್ಕೆ ಮಂಡಿಸಿದ ಬಜೆಟ್ ಪ್ರಸ್ತಾವದಲ್ಲಿ ಈ ಕೇಂದ್ರಕ್ಕೆ ಹಣವನ್ನೇ ಇಟ್ಟಿರಲಿಲ್ಲ.

ನಮಾಝ್ ತಪ್ಪಿದರೆ ಖಝಾ ಇದೆ. ಹೈಝ್‌ನ ದಿನಗಳಲ್ಲಿ ಬಿಟ್ಟ ಉಪವಾಸವನ್ನು ರಮಝಾನ್ ಕಳೆದ ಮೇಲೆ ಎಣಿಸಿ ಹಿಡಿಯುತ್ತೇವೆ. ಆದರೆ 1964ರ ಮಾರ್ಚ್‌ನ ಗಾಳಿಯನ್ನು ಇಂದು ಹೋಗಿ ಅಳೆಯಲು ಯಾರಿಂದಲೂ ಆಗದು. ಅದಕ್ಕೆ ಖಝಾ ಇಲ್ಲ.

ಮದ್ರಸದಲ್ಲಿ ಓದಿದವರಿಗೆ ಈ ಕೆಲಸದ ಇನ್ನೊಂದು ಮುಖ ಬೇಗ ಅರ್ಥವಾಗುತ್ತದೆ. ಒಂದು ಹದೀಸ್ ಓದುವಾಗ ನಾವು ಮೊದಲು ನೋಡುವುದು ಅದರ ಸನದ್. ಇವರು ಯಾರಿಂದ ಕೇಳಿದರು, ಅವರು ಯಾರಿಂದ ಕೇಳಿದರು, ನಡುವೆ ಕೊಂಡಿ ಕಳಚಿದೆಯೇ, ಹೇಳಿದವರ ನೆನಪು ಗಟ್ಟಿ ಇತ್ತೇ? ಗಾಳಿಯ ಅಳತೆಗೂ ಸನದ್ ಬೇಕು. ಪರ್ವತದ ಮೇಲಿನ ಯಂತ್ರ ತನ್ನಷ್ಟಕ್ಕೆ ತಾನು ಅಂಕಿ ಹೇಳಿದರೆ ಯಾರೂ ನಂಬುವುದಿಲ್ಲ. ಅನಿಲದ ಪ್ರಮಾಣ ಎಷ್ಟೆಂದು ಮೊದಲೇ ಗೊತ್ತಿರುವ ಸಿಲಿಂಡರುಗಳನ್ನು ಮೇಲಕ್ಕೆ ಹೊತ್ತೊಯ್ದು, ಆ ಅನಿಲವನ್ನು ಯಂತ್ರಕ್ಕೆ ಕುಡಿಸಿ, ಯಂತ್ರ ಸರಿ ಹೇಳುತ್ತಿದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಆ ಸಿಲಿಂಡರನ್ನು ಅದಕ್ಕಿಂತ ಮೇಲಿನ ಸಿಲಿಂಡರಿನೊಡನೆ, ಅದನ್ನು ಇನ್ನೂ ಮೇಲಿನದರೊಡನೆ ತೂಗಿ ನೋಡಿರುತ್ತಾರೆ. ಈ ಸರಪಳಿ ಅಮೆರಿಕದ ಬೌಲ್ಡರ್ ಎಂಬ ಊರಿನಲ್ಲಿ ಕಾಪಾಡಿಟ್ಟಿರುವ ಮೂಲ ಸಿಲಿಂಡರುಗಳವರೆಗೆ ಹೋಗುತ್ತದೆ. ಹದೀಸ್ ವಿದ್ವಾಂಸರು ದುರ್ಬಲ ವರದಿಯನ್ನು ಗುರುತು ಹಾಕಿ ಬೇರೆ ಇಟ್ಟ ಹಾಗೆ ಇಲ್ಲಿಯೂ ನಡೆಯುತ್ತದೆ. ಮೌನಾ ಲೋವಾದಲ್ಲಿ ಕೆಲವು ರಾತ್ರಿ ಜ್ವಾಲಾಮುಖಿಯ ಬಿರುಕುಗಳಿಂದ ಬಂದ ಅನಿಲ ಇಳಿಜಾರಿನ ಗಾಳಿಯೊಡನೆ ಹರಿದು ಬರುತ್ತದೆ. ಮಧ್ಯಾಹ್ನ ಕೆಳಗಿನ ಕಾಡಿನ ಗಾಳಿ ಮೇಲೇರುತ್ತದೆ. ಎರಡೂ ಲೋಕದ ಗಾಳಿಯಲ್ಲ. ಆ ಗಂಟೆಗಳ ಅಂಕಿಯನ್ನು ಅಳಿಸಿಹಾಕುವುದಿಲ್ಲ, ಗುರುತು ಹಾಕಿ ಪಕ್ಕಕ್ಕಿಡುತ್ತಾರೆ.

ಇಷ್ಟೆಲ್ಲ ಪರದೇಶದ ಮಾತಾಯಿತು, ನಮ್ಮಲ್ಲಿ ಏನಿದೆ ಎಂದು ಕೇಳುತ್ತೀರಿ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ಒಂದು ವೀಕ್ಷಣಾಲಯವಿದೆ. ನಡೆಸುವವರು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆಯವರು. 2000ನೇ ಇಸವಿಯಲ್ಲಿ ಕಣ್ಣು ತೆರೆದ ಅಲ್ಲಿನ ದೊಡ್ಡ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ತಿರುಗಿಸುತ್ತಾರೆ. ಹಾನ್ಲೆಯಲ್ಲಿ ಗಾಳಿಯ ಒತ್ತಡ ಸಮುದ್ರತೀರದ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ. ಎರಡು ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದೆ. ನಕ್ಷತ್ರ ನೋಡುವವರಿಗೆ ಬೇಕಾದ ಒಣ, ತಿಳಿ ಗಾಳಿಯೇ ಅನಿಲ ಅಳೆಯುವವರಿಗೂ ಬೇಕು. ಹಾಗಾಗಿ ಬೆಂಗಳೂರಿನ ಸಿ-ಮ್ಯಾಕ್ಸ್ (ಈಗ ಅದರ ಹೆಸರು ಸಿಎಸ್‌ಐಆರ್ ಫೋರ್ತ್ ಪ್ಯಾರಡೈಮ್ ಇನ್‌ಸ್ಟಿಟ್ಯೂಟ್) ಮತ್ತು ಫ್ರಾನ್ಸಿನ ವಿಜ್ಞಾನಿಗಳು ಸೇರಿ 2005ರ ಸುಮಾರಿಗೆ ಅಲ್ಲಿ ಗಾಳಿಯ ಅಳತೆ ಆರಂಭಿಸಿದರು. ಗಾಜಿನ ಬಾಟಲಿಗಳಲ್ಲಿ ಗಾಳಿ ತುಂಬಿ, ಭದ್ರವಾಗಿ ಮುಚ್ಚಿ, ಪರೀಕ್ಷೆಗೆ ಫ್ರಾನ್ಸಿಗೆ ಕಳಿಸುತ್ತಿದ್ದರು. ನಾವು ಝಮ್‌ಝಮ್ ತುಂಬಿಸಿ ತರುವಷ್ಟೇ ಜತನದಿಂದ! ನಮ್ಮ ಅಕ್ಕಿಯ ಲೆಕ್ಕದಲ್ಲಿ ಹೇಳುವುದಾದರೆ ಹಾನ್ಲೆಯಲ್ಲಿ 2007ರಲ್ಲಿ ಬಣ್ಣದ ಕಾಳು ಸುಮಾರು 382, 2011ರಲ್ಲಿ ಸುಮಾರು 391. ಸಮುದ್ರದ ಅಂಚಿನ ಪುದುಚೇರಿಯಲ್ಲಿ ಅದೇ ವರ್ಷಗಳಲ್ಲಿ ಅಂಕಿ ಇದಕ್ಕಿಂತ ಹೆಚ್ಚಿತ್ತು. ಊರಿಗೂ ಪರ್ವತಕ್ಕೂ ಇರುವ ಅಂತರ ಅದು.

ಹಾನ್ಲೆಯ ಬಾಟಲಿಗಳು ಹೇಳಿದ ಒಂದು ಸಂಗತಿ ಗಂಗಾವತಿಯವರಿಗೆ ಆಸಕ್ತಿ ಹುಟ್ಟಿಸಬಹುದು. ಮೀಥೇನ್ ಎಂಬ ಇನ್ನೊಂದು ಅನಿಲ ಇದೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಾಡದಿದ್ದಾಗ ಸೂಕ್ಷ್ಮಜೀವಿಗಳು ಅದನ್ನು ಹುಟ್ಟಿಸುತ್ತವೆ. ದನಗಳು ಮೆಲುಕು ಹಾಕುವಾಗಲೂ ಹೊರಬರುತ್ತದೆ. ಶಾಖ ಹಿಡಿಯುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಬಲಶಾಲಿ. ಉತ್ತರದ ಬೇರೆ ಕೇಂದ್ರಗಳಲ್ಲಿ ಬೇಸಿಗೆಯಲ್ಲಿ ಮೀಥೇನ್ ಕಡಿಮೆಯಾಗುತ್ತದೆ, ಬಿಸಿಲಿನ ರಸಾಯನಕ್ರಿಯೆ ಅದನ್ನು ತಿಂದುಹಾಕುವುದರಿಂದ. ಹಾನ್ಲೆಯಲ್ಲಿ ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚಾಗುತ್ತದೆ! ಕಾರಣ ನಮ್ಮ ಮುಂಗಾರು. ಬಯಲಿನ ಗದ್ದೆ, ಕೆರೆ, ಕೊಟ್ಟಿಗೆಗಳ ಗಾಳಿಯನ್ನು ಮುಂಗಾರಿನ ಮೋಡಗಳು ಬಾಚಿಕೊಂಡು ಅಷ್ಟು ಎತ್ತರಕ್ಕೆ ಎತ್ತಿಬಿಡುತ್ತವೆ. ಅದು ಗಂಗಾವತಿಯ ಎಡದಂಡೆ ಕಾಲುವೆಯ ಗದ್ದೆಗಳದ್ದೇ ಎಂದು ಯಾರೂ ಹೇಳಲಾರರು, ಗಂಗಾ ಬಯಲಿನ ಪಾಲೇ ದೊಡ್ಡದಿರಬೇಕು. ಆದರೆ ಗದ್ದೆಯ ಉಸಿರು ಹಿಮಾಲಯದ ಹಿಂದಿನ ಮರುಭೂಮಿಯವರೆಗೆ ಮುಟ್ಟುತ್ತದೆ ಎಂಬುದು ಸತ್ಯ. ಇದನ್ನು ಓದಿ ಯಾರೂ ಭತ್ತದ ರೈತನನ್ನು ಬೈಯಬಾರದು. ಅನ್ನ ಉಣ್ಣುವವರು ನಾವೇ. ಗದ್ದೆಗೆ ಸದಾ ನೀರು ನಿಲ್ಲಿಸದೆ ನಡುನಡುವೆ ಒಣಗಲು ಬಿಟ್ಟರೆ ಮೀಥೇನ್ ಕಡಿಮೆಯಾಗುತ್ತದೆ, ನೀರೂ ಉಳಿಯುತ್ತದೆ. ಕಾಲುವೆಯ ಕೊನೆಯ ಭಾಗದಲ್ಲಿ ಗದ್ದೆ ಇರುವವರು ಈ ಮಾತು ಕೇಳಿದರೆ ಬಹುಶಃ ನಗುತ್ತಾರೆ, ಅವರ ಗದ್ದೆ ತಾನಾಗಿಯೇ ಒಣಗುತ್ತದೆ.

ನಮಗೆ ಹತ್ತಿರದ ಗೋವಾ ಕಡಲತೀರದ ಕೇಪ್ ರಾಮಾದಲ್ಲಿಯೂ 1993ರಿಂದ 2002ರವರೆಗೆ ಬಾಟಲಿಗಳಲ್ಲಿ ಗಾಳಿ ಹಿಡಿದರು. ಅದು ಎತ್ತರದ ಸ್ಥಳವಲ್ಲ. ಆದರೆ ಮಳೆಗಾಲದಲ್ಲಿ ಸಮುದ್ರದ ಗಾಳಿ, ಚಳಿಗಾಲದಲ್ಲಿ ದೇಶದ ಒಳಗಿನಿಂದ ಬರುವ ಗಾಳಿ ಎರಡೂ ಅಲ್ಲಿ ಸಿಗುತ್ತದೆ. ನಂತರ ಕೆಲವು ವರ್ಷ ನಿಂತು 2009ರಲ್ಲಿ ಮತ್ತೆ ಆರಂಭವಾಯಿತು. ನಡುವಿನ ವರ್ಷಗಳು ಹೋದವು.

ಈಗ ಆ ಹುಡುಗಿಯ ಪ್ರಶ್ನೆಗೆ ಎರಡನೆಯ ಉತ್ತರ. ಅದನ್ನು ಒಂದು ಕಳ್ಳತನದ ಕತೆಯ ಮೂಲಕ ಹೇಳುತ್ತೇನೆ. ಹಳೆಯ ಫ್ರಿಜ್‌ಗಳಲ್ಲಿ, ಫೋಮ್ ತಯಾರಿಕೆಯಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳು ಓಝೋನ್ ಪದರವನ್ನು ತಿನ್ನುತ್ತವೆ. ಅಂಟಾರ್ಕ್ಟಿಕದ ಮೇಲೆ ಓಝೋನ್ ತೆಳುವಾದದ್ದು 1985ರಲ್ಲಿ ಲೋಕಕ್ಕೆ ತಿಳಿಯಿತು. ಅದೂ 1950ರ ದಶಕದಿಂದ ಒಂದೇ ಜಾಗದಲ್ಲಿ ಅಳೆಯುತ್ತಾ ಬಂದ ಬ್ರಿಟಿಷ್ ತಂಡವೊಂದರ ತಾಳ್ಮೆಯಿಂದ. 1987ರ ಮಾಂಟ್ರಿಯಲ್ ಒಪ್ಪಂದದಿಂದ ಈ ಅನಿಲಗಳ ತಯಾರಿಕೆಯನ್ನು ಹಂತಹಂತವಾಗಿ ನಿಲ್ಲಿಸಿ, 2010ರ ಹೊತ್ತಿಗೆ ಎಲ್ಲ ಕಡೆ ನಿಂತಿರಬೇಕಿತ್ತು. ಆದರೆ ಮೌನಾ ಲೋವಾ ಮತ್ತಿತರ ದೂರದ ಕೇಂದ್ರಗಳ ದಾಖಲೆ ನೋಡುತ್ತಿದ್ದವರಿಗೆ ಸಂಶಯ ಬಂತು. ಸಿಎಫ್‌ಸಿ-11 ಇಳಿಯಬೇಕಾದಷ್ಟು ವೇಗದಲ್ಲಿ ಇಳಿಯುತ್ತಿಲ್ಲ. ಎಲ್ಲೋ ಯಾರೋ ಕದ್ದು ತಯಾರಿಸುತ್ತಿದ್ದಾರೆ! 2018ರಲ್ಲಿ ಇದನ್ನು ಪ್ರಕಟಿಸಿದರು. ಕಳ್ಳತನ ನಡೆದಿದೆ ಎಂದು ಪರ್ವತ ಹೇಳಿತು. ಆದರೆ ಕಳ್ಳ ಯಾವ ಓಣಿಯಲ್ಲಿದ್ದಾನೆ ಎಂದು ಹೇಳಲು ಅದಕ್ಕೆ ಆಗಲಿಲ್ಲ. ಅದನ್ನು ಹೇಳಿದ್ದು ಕೊರಿಯಾ ಮತ್ತು ಜಪಾನಿನ ದ್ವೀಪಗಳಲ್ಲಿದ್ದ, ಸ್ಥಳಕ್ಕೆ ಹತ್ತಿರದ ಕೇಂದ್ರಗಳು. ಗಾಳಿ ಯಾವ ದಿಕ್ಕಿನಿಂದ ಬಂದಾಗ ಅಂಕಿ ಏರುತ್ತದೆ ಎಂದು ನೋಡಿ, 2019ರಲ್ಲಿ ಪೂರ್ವ ಚೀನಾದ ಎರಡು ಪ್ರಾಂತಗಳತ್ತ ಅವು ಬೆರಳು ತೋರಿಸಿದವು. ನಂತರ ಆ ಅನಿಲದ ಪ್ರಮಾಣ ಮತ್ತೆ ವೇಗವಾಗಿ ಇಳಿಯತೊಡಗಿತು.

ಹಾಗಾದರೆ ದೂರದ ಅಳತೆಯೂ ಬೇಕು, ಹತ್ತಿರದ ಅಳತೆಯೂ ಬೇಕು. ಗಿಣಿಗೇರಾ, ಹಿರೇಬಗನಾಳ, ಅಲ್ಲಾನಗರ, ಕುಣಿಕೇರಿ ಸುತ್ತಲಿನ ಸ್ಪಂಜ್ ಐರನ್ ಮತ್ತು ಉಕ್ಕಿನ ಕಾರ್ಖಾನೆಗಳ ಕಪ್ಪು ದೂಳನ್ನು ಹಾನ್ಲೆಯ ಯಂತ್ರ ನೋಡಲಾರದು. ಇಂಗಾಲದ ಡೈಆಕ್ಸೈಡ್ ನೂರಾರು ವರ್ಷ ಗಾಳಿಯಲ್ಲಿ ಉಳಿದು ಲೋಕವನ್ನೆಲ್ಲ ಸುತ್ತುತ್ತದೆ. ಮಸಿಯ ಆಯುಷ್ಯ ಕೆಲವೇ ದಿನ. ದಪ್ಪ ಕಣಗಳು ಹುಟ್ಟಿದ ಊರಿನ ಸುತ್ತಲೇ ಇಳಿಯುತ್ತವೆ, ಹೊಲದ ಬೆಳೆಯ ಮೇಲೆ, ಮಾಳಿಗೆಯ ಮೇಲೆ ಒಣಹಾಕಿದ ಶ್ಯಾವಿಗೆಯ ಮೇಲೆ, ಮಗುವಿನ ಎದೆಯೊಳಗೆ. ಸಣ್ಣ ಕಣಗಳು ಮಾತ್ರ ದೂರ ಹೋಗುತ್ತವೆ. ಎವರೆಸ್ಟಿನ ಬಳಿ 5,079 ಮೀಟರ್ ಎತ್ತರದಲ್ಲಿ 2006ರಲ್ಲಿ ಆರಂಭವಾದ ನೇಪಾಳದ ಪಿರಮಿಡ್ ಕೇಂದ್ರದಲ್ಲಿ ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಬಯಲಿನ ಕಂದು ಹೊಗೆ ಕಣಿವೆಯ ಮೂಲಕ ಏರಿ ಬಂದದ್ದು ದಾಖಲಾಯಿತು. ಅದರಲ್ಲಿ ವಾಹನ, ಕಾರ್ಖಾನೆಗಳ ಜೊತೆ ಕಟ್ಟಿಗೆ, ಕುಳ್ಳು ಉರಿಸುವ ಅಡುಗೆ ಒಲೆಗಳ ಪಾಲೂ ಇದೆ. ಆದರೆ ಆ ಹೊಗೆ ಹಿಮಾಲಯಕ್ಕೆ ಹೋಗುವ ಮೊದಲು ಒಲೆಯ ಮುಂದೆ ಕೂತವಳ ಎದೆಯನ್ನು ಹಾದು ಹೋಗಿರುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಉರಿಸಿ ರೊಟ್ಟಿ ಬಡಿಯುವವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

2025ರ ಫೆಬ್ರವರಿ 24ರಂದು ಊರಿನ ಪಕ್ಕದಲ್ಲೇ ಬರಲಿದ್ದ ದೊಡ್ಡ ಉಕ್ಕಿನ ಕಾರ್ಖಾನೆಯನ್ನು ವಿರೋಧಿಸಿ ಕೊಪ್ಪಳ ಬಂದ್ ನಡೆಯಿತು. ಗವಿಮಠದ ಸ್ವಾಮೀಜಿಯವರೂ ಬೀದಿಗಿಳಿದರು. ಅಂತಹ ಹೊತ್ತಿನಲ್ಲಿ ಎದುರು ಪಕ್ಷದವರು ಕೇಳುವ ಮೊದಲ ಪ್ರಶ್ನೆ, ಮೊದಲು ಗಾಳಿ ಹೇಗಿತ್ತು, ಈಗ ಎಷ್ಟು ಕೆಟ್ಟಿದೆ, ತೋರಿಸಿ. ಊರಿನ ದಾದಿ, ನಾನಿಯರನ್ನು ಕೇಳಿದರೆ ಮೊದಲು ಹೀಗಿರಲಿಲ್ಲ ಎಂದು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ನೆನಪಿನಲ್ಲಿ ತಾರೀಕು ಇರುವುದಿಲ್ಲ, ಅಂಕಿ ಇರುವುದಿಲ್ಲ. ಕಾರ್ಖಾನೆ ಬರುವ ಹತ್ತು ವರ್ಷ ಮೊದಲೇ ಅಳತೆ ಆರಂಭವಾಗಿರಬೇಕು, ಬಂದ ಮೇಲೂ ಅದೇ ಜಾಗದಲ್ಲಿ ಅದೇ ಕ್ರಮದಲ್ಲಿ ನಡೆಯಬೇಕು. ತಪಾಸಣೆಯವರು ಬರುವ ದಿನ ಒಂದು ಸಲ ಅಳೆದದ್ದನ್ನು ನಾನಂತೂ ಅಳತೆ ಎಂದು ಒಪ್ಪುವುದಿಲ್ಲ. ಲೋಕದ ಹವಾಮಾನದ ದೊಡ್ಡ ಮಾತು ಆಡುತ್ತಾ ಹತ್ತಿರದ ಚಿಮಣಿಯ ಮಾತು ಮರೆಸುವವರನ್ನೂ ಒಪ್ಪಲಾರೆ.

ಇಲ್ಲಿ ಒಬ್ಬ ಮಹಿಳೆಯ ಹೆಸರು ಹೇಳಲೇಬೇಕು, ಅನ್ನಾ ಮಣಿ. 1918ರಲ್ಲಿ ತಿರುವಾಂಕೂರಿನ ಪೀರ್‌ಮೇಡಿನಲ್ಲಿ ಹುಟ್ಟಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಬಳಿ ವಜ್ರಗಳ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟ್ ಸಿಗಲಿಲ್ಲ. 1948ರಲ್ಲಿ ಹವಾಮಾನ ಇಲಾಖೆ ಸೇರಿ, ಮಳೆ, ಬಿಸಿಲು, ಗಾಳಿ ಅಳೆಯುವ ಉಪಕರಣಗಳನ್ನು ಈ ದೇಶದಲ್ಲೇ ತಯಾರಿಸುವ ಕೆಲಸಕ್ಕೆ ಕೈಹಾಕಿದರು. ಬಲೂನಿನಲ್ಲಿ ಮೇಲಕ್ಕೆ ಕಳಿಸಿ ಓಝೋನ್ ಅಳೆಯುವ ಭಾರತೀಯ ಉಪಕರಣ 1960ರ ದಶಕದಲ್ಲಿ ಅವರ ಕೈಯಲ್ಲಿ ರೂಪುಗೊಂಡಿತು. ತಪ್ಪು ಅಳತೆಗಿಂತ ಅಳೆಯದೇ ಇರುವುದೇ ಮೇಲು ಎಂಬುದು ಅವರ ಕಟ್ಟುನಿಟ್ಟು. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನೆಲೆಸಿ, ದೇಶದ ನೂರಾರು ಕಡೆ ಗಾಳಿಯ ವೇಗ ಅಳೆಯಿಸಿ ಪುಸ್ತಕ ಮಾಡಿದರು. ಗಾಳಿಯಂತ್ರ ಎಲ್ಲಿ ನಿಲ್ಲಿಸಬಹುದು ಎಂಬುದಕ್ಕೆ ಆಗ ಅಂತಹ ಆಧಾರ ಬೇಕಿತ್ತು. ಯಲಬುರ್ಗಾ, ಕುಷ್ಟಗಿ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವ ಬಿಳಿ ರೆಕ್ಕೆಗಳನ್ನು ನಿಮ್ಮ ಹೆಣ್ಣುಮಕ್ಕಳಿಗೆ ತೋರಿಸುವಾಗ, ಈ ದೇಶದ ಗಾಳಿಯನ್ನು ಊರೂರಲ್ಲಿ ಅಳೆಯಿಸಿದ ಈ ಮಹಿಳೆಯ ಹೆಸರನ್ನೂ ಹೇಳಿ.

ಹಾನ್ಲೆಗೆ ನಾವು ಹೋಗಲಾರೆವು. ಆದರೆ ನಮ್ಮ ಮಾಳಿಗೆಗೆ ಹೋಗಬಹುದು. ಈ ಕಾಲಂ ಓದುವವರಲ್ಲಿ ಆಸಕ್ತಿ ಇದ್ದವರು ಹೀಗೆ ಮಾಡಿ ನೋಡಿ. ದಪ್ಪ ಬಿಳಿ ಕಾಗದವನ್ನು ಅಂಗೈಯಗಲ ಕತ್ತರಿಸಿ ತೆಳ್ಳಗೆ ವ್ಯಾಸಲಿನ್ ಸವರಿ. ಮಾಳಿಗೆಯ ಮೇಲೆ ಒಲೆಯ ಹೊಗೆಗಂಡಿಯಿಂದ ದೂರ, ಪಾರಿವಾಳ ಕೂರದ ಜಾಗದಲ್ಲಿ ಹಲಗೆಗೆ ಪಿನ್ ಹಾಕಿ ಇಡಿ. ಗುರುವಾರ ಸಂಜೆ ಇಟ್ಟು ಶುಕ್ರವಾರ ಸಂಜೆ ತೆಗೆಯಿರಿ. ಅಸರ್‌ನ ಸಮಯ ಋತುವಿಗೆ ತಕ್ಕ ಹಾಗೆ ಸರಿಯುವುದರಿಂದ ಗಡಿಯಾರದ ಐದು ಗಂಟೆ ಎಂದೇ ಇಟ್ಟುಕೊಳ್ಳಿ. ತೆಗೆದದ್ದನ್ನು ಪಾರದರ್ಶಕ ಕವರಿಗೆ ಹಾಕಿ ಹಿಂದೆ ತಾರೀಕು, ಗಾಳಿ ಬೀಸಿದ ದಿಕ್ಕು, ಮಳೆ ಬಂತೇ ಇಲ್ಲವೇ, ಇಟ್ಟವರ ಹೆಸರು ಬರೆಯಿರಿ. ಇದು ಯಂತ್ರದ ಅಳತೆಗೆ ಸಮನಲ್ಲ, ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿಯೂ ಅಲ್ಲ. ಆದರೆ ವರ್ಷದ ಐವತ್ತೆರಡು ಕಾಗದಗಳನ್ನು ಸಾಲಾಗಿ ನೆಲದ ಮೇಲೆ ಹರಡಿದರೆ ಯಾವ ತಿಂಗಳು, ಯಾವ ದಿಕ್ಕಿನ ಗಾಳಿಗೆ ಹೆಚ್ಚು ಕಪ್ಪಾಗಿದೆ ಎಂಬುದು ಓದು ಬಾರದವರಿಗೂ ಕಾಣುತ್ತದೆ. ಕಾಗದದ ಅಳತೆ, ಇಡುವ ಜಾಗ, ವಾರ ಯಾವುದನ್ನೂ ನಡುವೆ ಬದಲಿಸಬೇಡಿ. ಮಳೆ ಬಂದು ಹಾಳಾದ ಕಾಗದವನ್ನು ಎಸೆಯಬೇಡಿ, “ಮಳೆ” ಎಂದು ಬರೆದು ಅದನ್ನೂ ಸೇರಿಸಿಡಿ. ಮದುವೆಗೋ ಹೆರಿಗೆಗೋ ತವರಿಗೆ ಹೋಗುವಾಗ ಹಲಗೆ, ವ್ಯಾಸಲಿನ್ ಡಬ್ಬಿ ಮತ್ತು ನೋಟ್‌ಬುಕ್ಕನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟು, ಮುಂದಿನ ಗುರುವಾರ ಅವಳ ಕೈಯಿಂದಲೇ ಇಡಿಸಿ.